ಭಾಷಾಸಮಿತಿ ಮತ್ತು ವಿಷದ ಹೆಸರು

ಪಂಚಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿಯನ್ನು ನಮ್ಮ ಮನೆಗಳ ಚಿಕ್ಕ ಮಕ್ಕಳೂ ಬಲ್ಲರು. ಮುನಿಮಹಾರಾಜರು ವಿಹಾರಕ್ಕೆ ಹೊರಟಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುವುದನ್ನು ಅವರು ಕಂಡಿದ್ದಾರೆ. ಎರಡನೆಯದಾದ ಭಾಷಾಸಮಿತಿ ಹಾಗೆ ಕಣ್ಣಿಗೆ ಬೀಳುವಂಥದಲ್ಲ. ಹಿತವೂ ಮಿತವೂ ಸಂದೇಹರಹಿತವೂ ಆದ ಮಾತನ್ನೇ ಆಡಬೇಕೆಂದು ಅದರ ಲಕ್ಷಣವನ್ನು ಪಾಠಶಾಲೆಯಲ್ಲಿ ಒಪ್ಪಿಸುತ್ತೇವೆ. ಆಡಿದ ಮಾತು ಯಾವ ಜೀವವನ್ನು ತುಳಿಯಿತೆಂದು ತಿರುಗಿ ನೋಡುವ ಅಭ್ಯಾಸ ನಮಗಿಲ್ಲ. ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಹಾಗಾದರೆ ಮಾತಿನ ಪ್ರಮಾದದಿಂದ ಪ್ರಾಣಹಾನಿಯಾದಲ್ಲಿ ಅದರ ಹೊಣೆ ಯಾರದು? ತಿಳಿದೂ ಹೇಳದವನದೋ, ಅರೆಬರೆ ಹೇಳಿದವನದೋ, ಕೇಳಿಯೂ ಕೇಳದಂತೆ ಇದ್ದವನದೋ?

ಈಗ ವಿಜ್ಞಾನಿಗಳಿಗೆ ಜನರೊಡನೆ ಮಾತನಾಡಲು ಕಲಿಸುವ, ಪತ್ರಕರ್ತರಿಗೆ ಪರಿಸರ ವಿಜ್ಞಾನವನ್ನು ಕಲಿಸುವ ಶಿಬಿರಗಳು ಅಲ್ಲಲ್ಲಿ ನಡೆಯುತ್ತಿವೆ. ಕನ್ನಡದಲ್ಲಿ ಈ ಕೆಲಸ ಹೊಸದಲ್ಲ. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಆರಂಭವಾಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಅದೇ ವರ್ಷ, ಖರಗಪುರದ ಐಐಟಿಯಲ್ಲಿಯೂ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿಯೂ ಓದಿದ ನಾಗೇಶ ಹೆಗಡೆಯವರು ‘ಪ್ರಜಾವಾಣಿ’ಯನ್ನು ಸೇರಿ, ಪರಿಸರದ ವಿಷಯವು ದಿನಪತ್ರಿಕೆಯ ಪುಟಕ್ಕೂ ಯೋಗ್ಯವೆಂದು ತೋರಿಸಿದರು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿಯನ್ನು ಕೊಡಬೇಕೆಂದು ಕಮ್ಮಟಗಳನ್ನು ನಡೆಸಿತು. ನಮ್ಮ ಧಾರವಾಡದಲ್ಲಿಯೇ 2000ದಲ್ಲಿ ಹುಟ್ಟಿದ ಕೃಷಿ ಮಾಧ್ಯಮ ಕೇಂದ್ರವು ಅಂಚೆಯ ಮೂಲಕ ಕೃಷಿ ಪತ್ರಿಕೋದ್ಯಮದ ಪಾಠವನ್ನು ಹೇಳಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳು. ನನ್ನ ಜಿಜ್ಞಾಸೆ ಇಷ್ಟೇ: ಇಂಥ ಶಿಕ್ಷಣದಲ್ಲಿ ಕಲಿಸಬೇಕಾದುದು ಬರವಣಿಗೆಯ ಕುಶಲತೆಯೋ, ಮಾತಿನ ವ್ರತವೋ? ಇದನ್ನು ಕೇಳುವ ಅಧಿಕಾರ ನನಗೆ ಹೇಗೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ. ಅದು ಹೆಮ್ಮೆಯ ಸಂಗತಿಯಲ್ಲ.

ಮೊದಲು ಹೆಸರಿನ ವಿಚಾರ. ಅಮೃತಚಂದ್ರ ಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇರುವುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು, ಒಂದನ್ನು ಇನ್ನೊಂದೆನ್ನುವುದು, ಮತ್ತು ನಿಂದ್ಯವೂ ಪಾಪಯುಕ್ತವೂ ಅಪ್ರಿಯವೂ ಆದ ಮಾತು. ಮೂರನೆಯ ಬಗೆಗೆ ಅವರು ಕೊಡುವ ದೃಷ್ಟಾಂತ ಹಸುವನ್ನು ಕುದುರೆಯೆಂದು ಕರೆಯುವುದು. ಬಾಲ್ಯದಲ್ಲಿ ಇದನ್ನು ಓದಿದಾಗ, ಹಸುವನ್ನು ಕುದುರೆಯೆನ್ನುವ ಮೂರ್ಖನು ಎಲ್ಲಿದ್ದಾನೆಂದು ನಗು ಬಂದಿತ್ತು. ಆದರೆ ನಮ್ಮ ಕುಂದಗೋಳದ ಎರೆಹೊಲಗಳಲ್ಲಿ ಹತ್ತಿಗೆ, ಮೆಣಸಿನಗಿಡಕ್ಕೆ, ತೊಗರಿಗೆ ಸಿಂಪಡಿಸುವ ವಿಷವನ್ನು ನಾವು ಏನೆಂದು ಕರೆಯುತ್ತೇವೆ? ‘ಔಷಧ’ ಎನ್ನುತ್ತೇವೆ, ಇಲ್ಲವೆ ‘ಎಣ್ಣಿ’ ಎನ್ನುತ್ತೇವೆ. ಕರಾವಳಿಯವರು ‘ಮದ್ದು’ ಎನ್ನುತ್ತಾರೆ. ಜ್ವರಕ್ಕೆ ಕುಡಿಯುವುದೂ ಮದ್ದು, ತೋಟಕ್ಕೆ ಬಿಡುವುದೂ ಮದ್ದು. ಇಂಗ್ಲಿಷಿನಲ್ಲಿ ಅದರ ಹೆಸರಿನಲ್ಲಿಯೇ ಕೊಲ್ಲುವುದೆಂಬ ಅರ್ಥವಿದೆ, ನಮ್ಮ ಗ್ರಾಂಥಿಕ ‘ಕೀಟನಾಶಕ’ದಲ್ಲಿಯೂ ಇದೆ, ಮನೆಯ ಮಾತಿಗೆ ಇಳಿಯುವಷ್ಟರಲ್ಲಿ ಕೊಲ್ಲುವುದು ಹೋಗಿ ಕಾಯುವುದು ಉಳಿಯಿತು. ಇದನ್ನು ಯಾರೂ ಸಂಚು ಮಾಡಿ ಮಾಡಲಿಲ್ಲ. ಬಳಕೆಯಿಂದ ಆದ ಹಸು-ಕುದುರೆ ಇದು.

ಈ ಮದ್ದೆಂಬ ಹೆಸರಿನ ಕೆಳಗೆ ಏನು ನಡೆಯಬಹುದೆಂಬುದಕ್ಕೆ ಕಾಸರಗೋಡಿನ ಪಡ್ರೆ ಗ್ರಾಮವೇ ಸಾಕ್ಷಿ. ಕನ್ನಡ ಮಾತನಾಡುವ ಆ ಗಡಿನಾಡಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಗೇರಿನ ಹೂವನ್ನು ಹಾಳುಮಾಡುವ ಕೀಟದ ನಿಗ್ರಹಕ್ಕೆಂದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಬಾರಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿಯಲಾಯಿತು. ಗುಡ್ಡದ ಮೇಲೆ ಬಿದ್ದದ್ದು ಮಳೆಯೊಡನೆ ಇಳಿದು ಕಣಿವೆಯ ತೋಡುಗಳನ್ನು, ಸುರಂಗಗಳನ್ನು, ಬಾವಿಗಳನ್ನು ಸೇರಿತು. ನಮ್ಮ ಮನೆಗಳಲ್ಲಿ ಎರಡು ಪದರದ ಬಟ್ಟೆಯಿಂದ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವ ಆಚಾರವಿದೆಯಷ್ಟೆ. ನೀರಿನಲ್ಲಿ ಕರಗಿದ ವಿಷಕ್ಕೆ ಎಷ್ಟು ಪದರದ ಬಟ್ಟೆಯನ್ನು ಹಿಡಿದರೂ ಪ್ರಯೋಜನವಿಲ್ಲ. ಅದನ್ನು ತಡೆಯುವುದು ತಿಳಿವಳಿಕೆಯೊಂದೇ. ತಿಳಿವಳಿಕೆ ಬರಬೇಕಾದುದು ಇನ್ನೊಬ್ಬರ ಮಾತಿನಿಂದ.

ಆ ಮಾತು ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಗಮನಿಸಬೇಕು. ಪಡ್ರೆಯ ರೈತರೊಬ್ಬರ ಮನೆಯಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದ್ದು 1979ರಲ್ಲಿ. ಆ ಊರಿನವರೇ ಆದ ಕೃಷಿಕ-ಪತ್ರಕರ್ತ ಶ್ರೀಪಡ್ರೆಯವರು 1981ರಲ್ಲಿಯೇ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಅದನ್ನು ಬರೆದರು. ಯಾರೂ ಕಿವಿಗೊಡಲಿಲ್ಲ. ವಾಣೀನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರ ಅವರು ತಮ್ಮಲ್ಲಿಗೆ ಬರುವ ರೋಗಿಗಳ ಮನೆಗಳನ್ನು ಗುರುತಿಸುತ್ತ ಹೋದಂತೆ, ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರ, ಕ್ಯಾನ್ಸರ್ ಇವು ಒಂದೇ ತೋಡಿನ ಆಚೀಚೆ ಗುಂಪುಗೂಡಿರುವುದು ಕಂಡುಬಂತು. ಅವರು ಕಂಡದ್ದು ರೋಗ. ಕಾರಣವು ಅವರಿಗೂ ಕೂಡಲೇ ತಿಳಿಯಲಿಲ್ಲ. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರಕ್ಕೆ ಶ್ರೀಪಡ್ರೆಯವರ ಪತ್ರ ಹೋಗಿ, ಅಲ್ಲಿನ ಪ್ರಯೋಗಾಲಯದಲ್ಲಿ ನೀರು, ಮಣ್ಣು, ರಕ್ತ, ಹಾಲುಗಳ ಪರೀಕ್ಷೆಯಾಗಿ, ಅವರ ‘ಡೌನ್ ಟು ಅರ್ಥ್’ ಪತ್ರಿಕೆಯಲ್ಲಿ ವರದಿ ಪ್ರಕಟವಾದದ್ದು 2001ರ ಫೆಬ್ರವರಿಯಲ್ಲಿ. ಮೊದಲ ಲೇಖನಕ್ಕೂ ಈ ವರದಿಗೂ ನಡುವೆ ಹತ್ತೊಂಬತ್ತು ವರ್ಷಗಳ ಅಂತರ. ಅಷ್ಟರಲ್ಲಿ ಹುಟ್ಟಿದ ಮಗುವು ಕಾಲೇಜಿಗೆ ಹೋಗಬೇಕಾಗಿತ್ತು.

ಬಳಿಕವೂ ಮಾತು ಒಂದಾಗಲಿಲ್ಲ. ತೋಟದ ಮಾಲಿಕ ನಿಗಮವು ಮಾಡಿಸಿದ ಬೇರೊಂದು ಪರೀಕ್ಷೆ ಜನರ ರಕ್ತದಲ್ಲಿ ವಿಷದ ಅಂಶವಿಲ್ಲವೆಂದು ಹೇಳಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು, ಸಿಂಪಡಣೆಯಿಲ್ಲದ ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಊರಿನ ಮಕ್ಕಳೊಂದಿಗೆ ಹೋಲಿಸಿ, ವ್ಯತ್ಯಾಸವಿದೆಯೆಂದು ತೋರಿಸಿತು. 117 ಮತ್ತು 90 ಬಾಲಕರನ್ನು ಹೋಲಿಸಿದ ಅದರ ಒಂದು ಭಾಗವು 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಕೇಂದ್ರ ಸರಕಾರದ ಸಮಿತಿಯೊಂದು ರೋಗಕ್ಕೂ ವಿಷಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂದಿತು. ಕೊನೆಗೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು.

ಇನ್ನು ನನ್ನ ಅಧಿಕಾರದ ಮಾತು. ಬಿ.ಕಾಂ. ಮುಗಿಸಿ ತಂದೆಯವರ ಗಾದಿಯ ಮೇಲೆ ಕುಳಿತಾಗ ನಮ್ಮದು ಹತ್ತಿ ಮತ್ತು ಮೆಣಸಿನಕಾಯಿಯ ಅಡತಿ ವ್ಯಾಪಾರ. ಕೆಲವೇ ವರ್ಷಗಳಲ್ಲಿ ಪಕ್ಕದ ಮಳಿಗೆಯಲ್ಲಿ ಬೀಜ, ಗೊಬ್ಬರ, ‘ಔಷಧ’ಗಳ ಮಾರಾಟವನ್ನು ಆರಂಭಿಸಿದೆ. ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ವಿಚಾರಿಸುವ ಹದಿನೈದು ಖರಕರ್ಮಗಳಲ್ಲಿ ವಿಷವಾಣಿಜ್ಯವೂ ಒಂದೆಂಬುದು ನನಗೆ ಗೊತ್ತಿತ್ತು. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಎಣಿಸಿರುವುದೂ ಗೊತ್ತಿತ್ತು. ಆದರೆ ನಾನು ಮಾರುವುದು ಔಷಧವಲ್ಲವೇ? ಹೆಸರು ಎಷ್ಟು ಉಪಕಾರ ಮಾಡುತ್ತದೆ ನೋಡಿರಿ.

2001ರಲ್ಲಿ ಪಡ್ರೆಯ ಸುದ್ದಿ ಕನ್ನಡ ಪತ್ರಿಕೆಗಳಲ್ಲಿಯೂ ಬಂತು. ಒಂದು ಸಂತೆಯ ದಿನ ಹತ್ತಿರದ ಹಳ್ಳಿಯ ರೈತರೊಬ್ಬರ ಮಗ, ಹೈಸ್ಕೂಲು ಓದುತ್ತಿದ್ದ ಹುಡುಗ, ಪತ್ರಿಕೆಯ ತುಂಡೊಂದನ್ನು ತಂದು ಗಾದಿಯ ಮೇಲಿಟ್ಟು ಕೇಳಿದ: “ಸಾವಕಾರ್ರ, ನಮ್ಮಪ್ಪ ಒಯ್ದದ್ದೂ ಇದ ಎಣ್ಣಿ ಅಲ್ಲೇನ್ರಿ?” ನಾನು ಹೇಳಿದೆ: “ಅಲ್ಲೆ ಹೆಲಿಕಾಪ್ಟರಿಂದ ಸುರೀತಾರಪಾ, ನಮ್ಮ ಕಡೆ ಬೆನ್ನಿನ ಪಂಪಿನಿಂದ ಹೊಡಿಯೋದು. ಶಾಸ್ತ್ರಜ್ಞರೂ ಇನ್ನೂ ಒಂದ ಮಾತು ಹೇಳಿಲ್ಲ.” ಹುಡುಗ ತಲೆಯಾಡಿಸಿ ಹೋದ. ನಾನಾಡಿದ ಎರಡೂ ಮಾತುಗಳು ನಿಜ. ಅಕ್ಷರಶಃ ನಿಜ. ಆ ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ನನ್ನ ಮನಸ್ಸಿಗೆ ಏನೂ ಚುಚ್ಚಲಿಲ್ಲ. ಸ್ಯಾದ್ವಾದಿಯಂತೆ ಮಾತನಾಡಿದೆನೆಂದೇ ಭಾವಿಸಿದ್ದೆ. ಅದಾದ ಮೇಲೆ ಹತ್ತು ವರ್ಷ ಅದೇ ಡಬ್ಬಿಯನ್ನು ಮಾರಿದೆ. ಬಿಟ್ಟದ್ದು ವ್ರತದಿಂದಲ್ಲ, ನ್ಯಾಯಾಲಯವು ಡಬ್ಬಿಯನ್ನು ಕಸಿದುಕೊಂಡದ್ದರಿಂದ.

ಈ ನನ್ನ ಉತ್ತರದಲ್ಲಿ ತಪ್ಪೆಲ್ಲಿತ್ತೆಂದು ಕಂಡುಕೊಳ್ಳಲು ನನಗೆ ಬಹುಕಾಲ ಹಿಡಿಯಿತು. ಕಂಡದ್ದನ್ನು ಹೇಳುತ್ತೇನೆ, ವಿದ್ವಾಂಸರು ತಿದ್ದಬೇಕು.

ಅನೇಕಾಂತವೆಂದರೆ ಎಲ್ಲರ ಮಾತೂ ಸರಿ ಎಂಬ ಔದಾರ್ಯವೆಂದು ಈಚೆಗೆ ನಾವೇ ಸಭೆಗಳಲ್ಲಿ ಹೇಳಿಕೊಳ್ಳುತ್ತಿದ್ದೇವೆ. ‘ಸ್ಯಾತ್’ ಎಂದರೆ ‘ಇರಬಹುದು’ ಎಂದು ಅರ್ಥ ಹೇಳಿ ಸಂಶಯವಾದವನ್ನು ಸ್ಯಾದ್ವಾದದ ಪೀಠದ ಮೇಲೆ ಕೂರಿಸಿದ್ದೇವೆ. ನಮ್ಮ ಪೂರ್ವಾಚಾರ್ಯರು ಹೇಳಿದ್ದು ಅದಲ್ಲ. ‘ಸ್ಯಾತ್’ ಎಂದರೆ ‘ಒಂದು ನಿಶ್ಚಿತ ಅಪೇಕ್ಷೆಯಿಂದ’. ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವ ಎಂಬ ನಾಲ್ಕನ್ನೂ ಹೇಳಿದ ಮೇಲೆ ಮಾತಿನಲ್ಲಿ ಅನುಮಾನವೇ ಉಳಿಯದು. ಆ ಅಪೇಕ್ಷೆಯಲ್ಲಿ ಅದು ‘ಇದ್ದೇ ಇದೆ’. ಆದ್ದರಿಂದ ಸ್ಯಾದ್ವಾದವು ಮಾತನ್ನು ಸಡಿಲಗೊಳಿಸುವುದಿಲ್ಲ, ಬಿಗಿಗೊಳಿಸುತ್ತದೆ. ಪತ್ರಿಕೆಯೊಂದು ‘ವಿಷವಿದೆ’ ಎಂಬ ವರದಿಗೆ ಅರ್ಧ ಕಾಲಮ್ಮು, ‘ವಿಷವಿಲ್ಲ’ ಎಂಬ ವರದಿಗೆ ಅರ್ಧ ಕಾಲಮ್ಮು ಕೊಟ್ಟು ತಾನು ನಿಷ್ಪಕ್ಷಪಾತಿಯೆಂದು ಭಾವಿಸಿದರೆ ಅದು ಅನೇಕಾಂತವಲ್ಲ, ತಕ್ಕಡಿಯನ್ನು ಎತ್ತಿ ತೋರಿಸಿ ತೂಕದ ಕಲ್ಲನ್ನು ಮುಚ್ಚಿಡುವುದು. ವರ್ತಕನಾದ ನನಗೆ ಆ ವಿದ್ಯೆಯ ಪರಿಚಯವುಂಟು. ಅನೇಕಾಂತಿಯಾದ ಪತ್ರಕರ್ತನು ಎರಡೂ ವರದಿಗಳಿಗೆ ನಾಲ್ಕು ಪ್ರಶ್ನೆಗಳನ್ನು ಹಾಕುತ್ತಾನೆ. ಹುಡುಕಿದ್ದು ಯಾವ ವಸ್ತುವನ್ನು, ಎಷ್ಟು ಕಡಿಮೆ ಇದ್ದರೂ ಕಾಣಬಲ್ಲ ಯಂತ್ರದಿಂದ? ನೀರನ್ನು ತೆಗೆದದ್ದು ಗುಡ್ಡದ ಕೆಳಗಿನ ತೋಡಿನಿಂದಲೋ, ಊರಾಚೆಯ ಬಾವಿಯಿಂದಲೋ? ಸಿಂಪಡಿಸಿದ ಎಷ್ಟನೆಯ ದಿನ? ಪರೀಕ್ಷೆಗೊಳಗಾದವರು ಯಾರು, ಬೆಳೆದ ಗಂಡಸರೋ, ಹಾಲು ಕುಡಿಯುವ ಶಿಶುಗಳೋ? ಐದನೆಯದೊಂದನ್ನು ನಾನು ಸೇರಿಸುತ್ತೇನೆ: ಹಣ ಕೊಟ್ಟವರು ಯಾರು? ಇದು ಆಗಮದಲ್ಲಿಲ್ಲ, ಬಿ.ಕಾಂ. ಪಠ್ಯದಲ್ಲಿದೆ.

ವಿಜ್ಞಾನಿಗೂ ಇಲ್ಲಿ ಒಂದು ಪಾಠವಿದೆ. ‘ಸಂಬಂಧ ಸಿದ್ಧವಾಗಿಲ್ಲ’ ಎಂಬ ಮಾತಿಗೂ ‘ಸಂಬಂಧವಿಲ್ಲವೆಂದು ಸಿದ್ಧವಾಗಿದೆ’ ಎಂಬ ಮಾತಿಗೂ ಇರುವ ಅಂತರವನ್ನು ಅವನು ತನ್ನ ಗೋಷ್ಠಿಯಲ್ಲಿ ಎಂದೂ ಮರೆಯುವುದಿಲ್ಲ. ಆದರೆ ಜನರೆದುರು ನಿಂತಾಗ ಮೊದಲನೆಯದನ್ನು ಆಡಿ, ಕೇಳುವವರು ಎರಡನೆಯದನ್ನು ತಿಳಿದುಕೊಂಡು ಹೋದರೆ ಸುಮ್ಮನಿದ್ದುಬಿಡುತ್ತಾನೆ. ತಿದ್ದದ ಮೌನವೂ ವಚನಯೋಗದ ಲೆಕ್ಕಕ್ಕೇ ಸೇರಬೇಕೆಂದು ನನ್ನ ಮತ. ಹುಡುಗನೆದುರು ನಾನು ಮಾಡಿದ್ದೂ ಅದನ್ನೇ. ವಿಜ್ಞಾನಿಗಳ ಅಪೂರ್ಣ ವಾಕ್ಯವನ್ನು ಎರವಲು ತಂದು ಪೂರ್ಣವಾಕ್ಯದ ಬೆಲೆಗೆ ಮಾರಿದೆ. ಸತ್ಯಘೋಷನೆಂಬ ಬಿರುದು ಹೊತ್ತ ಪುರೋಹಿತನು ವರ್ತಕನ ರತ್ನಗಳನ್ನು ಇಲ್ಲವೆಂದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅವನು ಸುಳ್ಳು ಹೇಳಿದನು. ನಾನು ಅಷ್ಟೂ ಕಷ್ಟಪಡಲಿಲ್ಲ.

ಡಬ್ಬಿಯ ಮೇಲಿನ ಗುರುತಿನದೂ ಇದೇ ಕಥೆ. ಕೀಟನಾಶಕದ ಡಬ್ಬಿಗಳ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವಿದ್ದು, ಅದರ ಕೆಳ ಅರ್ಧಕ್ಕೆ ಬಣ್ಣ ಹಚ್ಚಿರುತ್ತಾರೆ: ಅತ್ಯಂತ ಘೋರವಾದುದಕ್ಕೆ ಕೆಂಪು, ಮುಂದೆ ಹಳದಿ, ನೀಲಿ, ಹಸಿರು. ಹಸಿರು ಬಣ್ಣವಿದ್ದರೆ ಪೈರಿಗೆ ಒಳ್ಳೆಯದೆಂದು ತಿಳಿದ ಗಿರಾಕಿಗಳನ್ನು ನಾನು ಕಂಡಿದ್ದೇನೆ. ಆ ಬಣ್ಣವನ್ನು ನಿರ್ಧರಿಸುವ ವಿಧಾನ ಇನ್ನೂ ವಿಚಾರಣೀಯ. ಪ್ರಯೋಗಕ್ಕೊಳಪಡಿಸಿದ ಇಲಿಗಳಲ್ಲಿ ಅರ್ಧದಷ್ಟು ಸಾಯಲು, ದೇಹದ ಪ್ರತಿ ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ವಿಷ ಬೇಕೆಂಬುದೇ ಅಳತೆ. 50ರೊಳಗೆ ಸತ್ತರೆ ಕೆಂಪು, 5000ದಾಚೆಗೆ ಹಸಿರು. ಅಂದರೆ ಅದು ಒಮ್ಮೆಗೇ ಕುಡಿದು ಸಾಯುವ ಲೆಕ್ಕ. ಸ್ವಲ್ಪ ಸ್ವಲ್ಪವಾಗಿ ಇಪ್ಪತ್ತು ವರ್ಷ ಕುಡಿದರೆ, ಗರ್ಭದಲ್ಲಿರುವಾಗ ಕುಡಿದರೆ ಏನಾಗುವುದೆಂಬುದನ್ನು ಆ ಬಣ್ಣ ಹೇಳುವುದಿಲ್ಲ. ಒಂದು ನಯವನ್ನು ಹೇಳಿ ಉಳಿದವನ್ನು ಬಿಟ್ಟ ಮಾತದು. ಇನ್ನೊಂದು ನೋವು: ಆ ಒಂದು ಅಂಕಿಯನ್ನು ಪಡೆಯಲು ಎಷ್ಟೋ ಪಂಚೇಂದ್ರಿಯ ಜೀವಗಳು ಹೋಗಿವೆ. ಆ ಹಿಂಸೆಯನ್ನು ನಾನು ಸಮರ್ಥಿಸಲಾರೆ. ಆದರೆ ಅಷ್ಟು ಪ್ರಾಣಗಳ ಬೆಲೆಗೆ ದೊರೆತ ತಿಳಿವಳಿಕೆಯನ್ನು ಸಾಸಿವೆಗಿಂತ ಚಿಕ್ಕ ಅಕ್ಷರದಲ್ಲಿ ಅಚ್ಚುಮಾಡಿ ಡಬ್ಬಿಯೊಳಗೆ ಮಡಿಸಿಡುವುದು ಮತ್ತೊಂದು ಹಿಂಸೆಯಲ್ಲವೇ?

ಇಲ್ಲಿ ಬಲ್ಲವರು ಒಂದು ಆಕ್ಷೇಪವನ್ನು ಎತ್ತಬಹುದು. ಸತ್ಯಾಣುವ್ರತವನ್ನು ಹೇಳುವಾಗ ಸಮಂತಭದ್ರಾಚಾರ್ಯರು, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಶ್ರಾವಕನು ಆಡಬಾರದೆಂದಿದ್ದಾರೆ. ಬೇಟೆಗಾರನಿಗೆ ಜಿಂಕೆ ಹೋದ ದಾರಿಯನ್ನು ತೋರಿಸಬಾರದು. ನಮ್ಮ ಮೆಣಸಿನಕಾಯಿಯಲ್ಲಿ ವಿಷದ ಶೇಷವಿದೆಯೆಂದು ಪತ್ರಿಕೆಯಲ್ಲಿ ಬಂದರೆ ಬ್ಯಾಡಗಿಯ ಪೇಟೆಯಲ್ಲಿ ದರ ಇಳಿಯುತ್ತದೆ; ಬಡ ರೈತನು ಸಾಲದಲ್ಲಿ ಬೀಳುತ್ತಾನೆ. ಒಂದು ಊರಿನ ಹೆಸರೇ ರೋಗದ ಹೆಸರಾಗಿಬಿಟ್ಟರೆ ಆ ಊರಿನ ಹೆಣ್ಣುಮಕ್ಕಳ ಮದುವೆಯ ಗತಿಯೇನು? ಇದು ಪೊಳ್ಳು ಆಕ್ಷೇಪವಲ್ಲ. ಪಡ್ರೆಯ ಸುತ್ತಲಿನ ಮಕ್ಕಳ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಆ ಚಿತ್ರಗಳಿಲ್ಲದೆ ಸರಕಾರಗಳು ಅಲುಗುತ್ತಿರಲಿಲ್ಲವೆಂಬುದು ದಿಟ. ಆದರೂ ಮಾತನಾಡಲಾರದ ಮಗುವಿನ ಒಪ್ಪಿಗೆಯನ್ನು ಯಾರು ಕೇಳಿದರು? ಹತ್ತನೆಯ ಕ್ಯಾಮರಾ ಅಂಗಳಕ್ಕೆ ಬಂದಾಗ ಆ ತಾಯಿಯ ಮನಸ್ಸು ಹೇಗಿತ್ತು? ಇದಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆಚಾರ್ಯರ ಮಾತಿನಲ್ಲಿ ರಕ್ಷಣೆ ಇರುವುದು ಜಿಂಕೆಗೆ, ಬೇಟೆಗಾರನ ವ್ಯಾಪಾರಕ್ಕಲ್ಲ. ವಿಪತ್ತೆಂಬ ಶಬ್ದವನ್ನು ಎತ್ತುವ ಮೊದಲು ಅದು ಯಾರ ವಿಪತ್ತು ಎಂದು ಕೇಳಿಕೊಳ್ಳಬೇಕು. ಪಡ್ರೆಯವರಿಗೆ ವಿಪತ್ತಾದದ್ದು ಹತ್ತೊಂಬತ್ತು ವರ್ಷಗಳ ಮೌನ. ದರ ಇಳಿಯುವ ಭಯ ನನ್ನಂಥವರದು, ಅದಕ್ಕೆ ರೈತನ ಹೆಸರನ್ನು ಮುಂದಿಡುತ್ತೇವೆ.

ಆದುದರಿಂದ ವಿಜ್ಞಾನಿ-ಪತ್ರಕರ್ತರ ಶಿಕ್ಷಣವೆಂದರೆ ಕಠಿಣ ಶಬ್ದಕ್ಕೆ ಸುಲಭ ಶಬ್ದ ಹುಡುಕುವ ಕೆಲಸವಷ್ಟೇ ಅಲ್ಲವೆಂದು ತೋರುತ್ತದೆ. ‘ಔಷಧ’ವೂ ಸುಲಭ ಶಬ್ದವೇ. ವಿಜ್ಞಾನಿಯನ್ನು ತೋಡಿನ ದಂಡೆಗೂ ಪತ್ರಕರ್ತನನ್ನು ಪ್ರಯೋಗಾಲಯದ ಯಂತ್ರದ ಮುಂದಕ್ಕೂ ಒಯ್ದು, ಒಬ್ಬರ ಅಪೇಕ್ಷೆಯನ್ನು ಇನ್ನೊಬ್ಬರು ಕಾಣುವಂತೆ ಮಾಡಬೇಕು. ಶ್ರೀಪಡ್ರೆಯವರ ಬರಹಕ್ಕೆ ಬಲ ಬಂದದ್ದು ಅವರು ಅದೇ ಊರಿನಲ್ಲಿ ಇಪ್ಪತ್ತು ವರ್ಷ ಇದ್ದುದರಿಂದ, ಡಾ. ಮೋಹನಕುಮಾರರ ಮಾತಿಗೆ ಬಲ ಬಂದದ್ದು ಅವರು ಮನೆ ಮನೆಯ ಲೆಕ್ಕವಿಟ್ಟುದರಿಂದ. ಮೂರು ದಿನಗಳ ಶಿಬಿರ ಮತ್ತು ಪ್ರಮಾಣಪತ್ರದಿಂದ ಆ ಬಲ ಬರಲಾರದು, ಶಿಬಿರಗಳು ಬೇಡವೆಂದು ಇದರ ಅರ್ಥವಲ್ಲ.

ಮತ್ತೊಂದು ಸಂಗತಿಯನ್ನು ಯೋಜಕರು ಮರೆಯುತ್ತಾರೆ. ವಿಶ್ವವಿದ್ಯಾಲಯದ ವಿಜ್ಞಾನಿಯನ್ನು ರೈತನು ವರ್ಷಕ್ಕೊಮ್ಮೆ ಧಾರವಾಡದ ಕೃಷಿಮೇಳದಲ್ಲಿ ಕಂಡಾನು. ಪತ್ರಿಕೆಯನ್ನು ವಾರಕ್ಕೊಮ್ಮೆ ಓದಿಯಾನು. ಅಂಗಡಿಯವನನ್ನು ಹುಳ ಬಿದ್ದಾಗಲೆಲ್ಲ ಕಾಣುತ್ತಾನೆ. ಹೊಲಕ್ಕೆ ಪರಿಸರ ವಿಜ್ಞಾನವನ್ನು ತಲುಪಿಸುವ ಕೊನೆಯ ಬಾಯಿ ಅವನದು. ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆಯು 2003ರಲ್ಲಿ ಇಂಥ ವರ್ತಕರಿಗೆಂದೇ ಒಂದು ವರ್ಷದ ಡಿಪ್ಲೊಮಾ ಪಾಠವನ್ನು ಆರಂಭಿಸಿದೆ. ನನ್ನ ಕಾಲದಲ್ಲಿ ನನಗೆ ಪಾಠ ಹೇಳಿದವನು ಕಂಪನಿಯ ಏಜೆಂಟನೊಬ್ಬನೇ, ಅದೂ ಎಷ್ಟು ಪೆಟ್ಟಿಗೆ ಮಾರಿದರೆ ಯಾವ ಬಹುಮಾನ ಎಂಬ ಪಾಠ. ವರ್ತಕರು ಬಹುಸಂಖ್ಯೆಯಲ್ಲಿರುವ ನಮ್ಮ ಸಮಾಜದ ಟ್ರಸ್ಟುಗಳು ಇದನ್ನು ಗಮನಿಸಬೇಕೆಂದು ಅರಿಕೆ. ಬಸದಿಗೆ ಜಮೀನಿದ್ದು ಅದನ್ನು ಲಾವಣಿಗೆ ಕೊಟ್ಟಲ್ಲಿ, ಅದರ ಮೇಲೆ ಏನು ಬೀಳುತ್ತದೆಂದು ತಿಳಿಯುವ ಹೊಣೆಯೂ ಟ್ರಸ್ಟಿನದೇ.

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯ ಧರ್ಮದ ದಿನ, ಪಾಠಶಾಲೆಯ ಮಕ್ಕಳಿಗೆ ಪ್ರ­ವಚನದ ಬದಲಾಗಿ ಒಂದು ಕೆಲಸ ಕೊಟ್ಟೆ. ಹಳೆಯ ಅಂಗಡಿಯ ಟ್ರಂಕಿನಲ್ಲಿ ಉಳಿದಿದ್ದ ಒಂದು ಮಾಹಿತಿ ಚೀಟಿಯನ್ನು ಬಿಡಿಸಿ, ಭೂತಗನ್ನಡಿ ಹಿಡಿದು, ಅದರ ಕನ್ನಡ ಭಾಗವನ್ನು ಗಟ್ಟಿಯಾಗಿ ಓದಿಸಿದೆ. ಕೆಲವು ಸಾಲುಗಳು ಓದಿದವರಿಗೂ ಕೇಳಿದವರಿಗೂ ತಿಳಿಯಲಿಲ್ಲ. ಕೃಷಿ ಪದವಿ ಓದುತ್ತಿರುವ ನಮ್ಮ ಸಮಾಜದ ಯುವಕನೊಬ್ಬನು ಬಿಡಿಸಿ ಹೇಳಿದ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಂತಿಷ್ಟು ದಿನ ಕಾಯಬೇಕೆಂಬ ಸಾಲು ಬಂದಾಗ, ಬಸದಿಯ ಅಂಗಳ ಗುಡಿಸಲು ಬರುವ, ಸುಗ್ಗಿಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಗಳೊಬ್ಬಳು ಕಸಬರಿಗೆಯನ್ನು ಗೋಡೆಗೆ ಆನಿಸಿ ನಿಂತಳು.

“ಯಪ್ಪಾ, ಅದನ್ನ ಇನ್ನೊಮ್ಮೆ ಓದಸ್ರಿ,” ಎಂದಳು. “ಎಷ್ಟು ದಿನ ಅಂತ?”